ಅಡಿಗೆಮನೆಯ ಹಿತ್ತಾಳೆ ಬಟನ್

ಅಕ್ಕ ನನ್ನನ್ನು ಒಂದು ಮಾತು ಕೇಳಿದ್ದಳು. ನಾನು ಸುಳ್ಳು ಹೇಳಿದೆ. ತಿದ್ದಿಕೊಳ್ಳಲು ಬೇಕಾದಷ್ಟು ಬೆಳಗುಗಳು ಸಿಕ್ಕಿದ್ದವು, ತಿದ್ದಿಕೊಳ್ಳಲಿಲ್ಲ. ಅದರಿಂದ ಅವಳ ಬಲಗೈ ಹೋಯಿತು. ಕೈ ಹೋದ ಮೇಲೂ ನಾನು ಬಾಯಿ ಬಿಡಲಿಲ್ಲ. ಅದರಿಂದ ಅವಳ ಹದಿನೈದು ವರ್ಷ ಹೋದವು. ಇಷ್ಟನ್ನು ಮೊದಲೇ ಬರೆದುಬಿಡುತ್ತೇನೆ. ಇಲ್ಲದಿದ್ದರೆ ಬರೆಯುತ್ತಾ ಹೋದಂತೆ ನನ್ನ ಕಡೆಗೇ ವಾಲಿಸಿಕೊಂಡು ಬರೆದೇನು ಎಂಬ ಹೆದರಿಕೆ ಇದೆ. ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ಬರೆದು ರೂಢಿಯಿಲ್ಲ. ಆದರೆ ಇದನ್ನು ಬೇರೆಯವರ ಕೈಯಿಂದ ಬರೆಸುವ ಹಾಗೂ ಇಲ್ಲ.

ಮೊನ್ನೆ ಹೆಂಡತಿ ಅಟ್ಟದ ಮೇಲಿನ ಪಾತ್ರೆಗಳನ್ನೆಲ್ಲ ಇಳಿಸಿ ವಾಡೆಯ ಅಂಗಳದಲ್ಲಿ ತಿಕ್ಕಲು ಕುಳಿತಿದ್ದಳು. ಈ ವರ್ಷ ನಮಗೆ ದೀಪಾವಳಿ ಇಲ್ಲ. ಅಕ್ಕ ಹೋಗಿ ಇನ್ನೂ ತಿಂಗಳೂ ತುಂಬಿಲ್ಲ. ಆದರೂ ದೇವರ ಪಾತ್ರೆಗಳನ್ನು ತಿಕ್ಕದೆ ಬಿಡಲಾಗುತ್ತದೆಯೇ? ಹಿತ್ತಾಳೆಗೆ ಹುಣಸೆಹಣ್ಣು ತಾಗಿದಾಗ ಒಂದು ವಾಸನೆ ಏಳುತ್ತದೆ. ಹುಳಿ ವಾಸನೆ, ಜೊತೆಗೆ ತುಟಿ ಒಡೆದು ರಕ್ತ ಬಂದಾಗ ಬಾಯಲ್ಲಿ ಆಗುತ್ತದಲ್ಲ, ಅಂಥ ಒಂದು ರುಚಿ. ನಾನು ಕಟ್ಟೆಯ ಮೇಲೆ ಕುಳಿತು ಸುಮ್ಮನೆ ಆ ವಾಸನೆ ತೆಗೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವಳು ರಾಶಿಯೊಳಗಿಂದ ಒಂದು ಸಣ್ಣ ದುಂಡನೆಯ ಮುಚ್ಚಳ ಎತ್ತಿ ಹಿಡಿದಳು.

"ಇದು ಯಾವ ಡಬ್ಬೀದ್ರೀ? ನಡುವ ತೂತು ಅದ ನೋಡ್ರಿ."

ನಾನು ಉತ್ತರ ಕೊಡುವ ಮೊದಲೇ ಅವಳಿಗೆ ತಿಳಿಯಿತು. ಮುಚ್ಚಳವನ್ನು ಬೋರಲಾಗಿ ಕಲ್ಲಿನ ಮೇಲೆ ಇಟ್ಟಳು. ಅರ್ಧ ತಿಕ್ಕಿದ್ದು ಹಾಗೆಯೇ ಉಳಿಯಿತು. ಅದು ಡಬ್ಬಿಯ ಮುಚ್ಚಳವಲ್ಲ. ನಮ್ಮ ಅಡಿಗೆಮನೆಯ ಬಿಜಲಿ ಬಟನ್ನಿನ ಹಿತ್ತಾಳೆಯ ಟೊಪ್ಪಿಗೆ. ಅದನ್ನು ಗೋಡೆಯಿಂದ ಬಿಚ್ಚಿ, ಅರಿವೆಯ ಚೂರಿನಲ್ಲಿ ಸುತ್ತಿ, ಅಟ್ಟದಲ್ಲಿ ಬಚ್ಚಿಟ್ಟವನು ನಾನೇ...

ನಮ್ಮ ಅಪ್ಪ ಧಾರವಾಡದ ಕಡೆಯವರು. ರವಿವಾರ ಪೇಟೆಯ ಒಬ್ಬ ವ್ಯಾಪಾರಿಯ ಹತ್ತಿರ ಗುಮಾಸ್ತರಾಗಿ ಪುಣೆಗೆ ಬಂದರು. ಶನಿವಾರ ಪೇಟೆಯ, ಹತ್ತಾರು ಬಿಡಾರಗಳಿರುವ ಈ ವಾಡೆಯಲ್ಲಿ ಎರಡೂವರೆ ಖೋಲಿ ಬಾಡಿಗೆಗೆ ಹಿಡಿದರು. ಅಕ್ಕನಿಗೆ ಊರ ಕಡೆಯೇ ಮದುವೆಯಾಗಿತ್ತು. ಮೂರನೆಯ ವರ್ಷಕ್ಕೆ ಗಂಡ ತೀರಿಕೊಂಡು, ತಲೆ ಬೋಳಿಸಿಕೊಂಡು, ಕೆಂಪು ಸೀರೆ ಉಟ್ಟು ನಮ್ಮ ಮನೆಗೆ ತಿರುಗಿ ಬಂದಳು. ಆಗ ಅವಳಿಗೆ ಹದಿನೇಳು ತುಂಬಿರಲಿಲ್ಲ. ನಾನು ಅಂಗಳದಲ್ಲಿ ಗೋಲಿ ಆಡುತ್ತಿದ್ದೆ. ಅವಳನ್ನು ನೋಡಿ ಗುರುತು ಹಿಡಿಯಲಿಲ್ಲ.

ಅವಳಿಗೆ ಉಳಿದದ್ದು ಮಡಿ ಒಂದೇ. ಇದನ್ನು ಈಗಿನವರಿಗೆ ಹೇಗೆ ಹೇಳುವುದೋ ತಿಳಿಯದು. ನಸುಕಿನಲ್ಲಿ ಎದ್ದು ತಣ್ಣೀರು ಸ್ನಾನ ಮಾಡಿ, ಒದ್ದೆ ಸೀರೆಯಲ್ಲಿಯೇ ಅಡಿಗೆಮನೆ ಹೊಕ್ಕಳೆಂದರೆ ನೈವೇದ್ಯ ಆಗುವವರೆಗೂ ಯಾರೂ ಅವಳನ್ನು ಮುಟ್ಟುವಂತಿರಲಿಲ್ಲ. ಆ ಹೊತ್ತಿನಲ್ಲಿ ಅವಳು ಯಾರ ಮನೆಯ ಹಂಗಿನವಳೂ ಆಗಿರುತ್ತಿರಲಿಲ್ಲ. ವಾಡೆಯ ಮರಾಠಿ ಮನೆಗಳಲ್ಲಿ ಶ್ರಾದ್ಧವಿದ್ದರೆ ಕಾನಡಿ ತಾಯಿಯನ್ನು, ಅಂದರೆ ಕನ್ನಡದ ತಾಯಿಯನ್ನು, ಕರೆಯಿರಿ ಎಂದು ಬಂದು ನಿಲ್ಲುತ್ತಿದ್ದರು. ಅವಳು ಮಾಡಿದ ಅಡಿಗೆ ದೇವರಿಗೂ ಪಿತೃಗಳಿಗೂ ನಡೆಯುತ್ತದೆ ಎಂಬ ಮಾತೇ ಅವಳ ಆಸ್ತಿ, ಅವಳ ಮಾನ, ಎಲ್ಲ.

ಆ ಅಡಿಗೆಮನೆಗೆ ಕಿಟಕಿ ಇರಲಿಲ್ಲ. ಒಲೆಯ ಹೊಗೆ, ಒಂದು ಕಂದೀಲು, ಅಷ್ಟೆ. ನಸುಕಿನಲ್ಲಿ ಅಕ್ಕಿಯೊಳಗಿನ ಹರಳು ಕಾಣದೆ ಅವಳು ಬೆರಳಿನಿಂದಲೇ ತಡವಿ ಆರಿಸುತ್ತಿದ್ದಳು. ಕಣ್ಣು ಯಾವಾಗಲೂ ಕೆಂಪಾಗಿ ನೀರಾಡುತ್ತಿದ್ದವು. ನಾನು ಆಗ ಅರಿವೆ ಅಂಗಡಿಯಲ್ಲಿ ಥಾನು ಬಿಚ್ಚಿ ಮಡಿಸುವ ಕೆಲಸಕ್ಕಿದ್ದೆ. ಅಂಗಡಿಯಲ್ಲಿ ಬಿಜಲಿ ದೀಪ ಇತ್ತು. ದಿನಾ ಬೆಳಿಗ್ಗೆ ಬಟನ್ ಒತ್ತುವುದು ನನ್ನ ಕೆಲಸವೇ. ಒತ್ತಿದಾಗಲೆಲ್ಲ ಅಕ್ಕನ ಕಣ್ಣು ನೆನಪಾಗುತ್ತಿತ್ತು. ವಾಡೆಯ ಮಾಲಕರು ಹೆಬ್ಬಾಗಿಲ ತನಕ ಬಿಜಲಿ ತರಿಸಿ, ಒಳಗಿನ ಫಿಟಿಂಗು ಬಿಡಾರದವರದೇ ಎಂದಾಗ ನಾನು ಎಲ್ಲರಿಗಿಂತ ಮೊದಲು ಹೂಂ ಅಂದೆ. ಅಲ್ಲಿಯವರೆಗೆ ನನ್ನ ಮನಸ್ಸು ಸರಿಯಾಗಿಯೇ ಇತ್ತು.

ಮೊದಲು ಬಂದವನು ಬಿಜಲಿ ಕಂಪನಿಯ ಪರೀಕ್ಷೆ ಪಾಸಾದ ವಾಯರ್‌ಮನ್. ಖಾಕಿ ಕೋಟು, ಬಾಯಿ ತುಂಬ ಪಾನ, ಮಾತೆಲ್ಲ ಸಿಡುಕು. ಅಡಿಗೆಮನೆಯ ಹೊಸ್ತಿಲಲ್ಲಿ ನಿಂತು ನೆಲ ನೋಡಿದ. ನೆಲ ಯಾವಾಗಲೂ ಒದ್ದೆ. ಬಟನ್ನು ಬಾಗಿಲ ಹೊರಗೆ, ಪಿಂಗಾಣಿಯದು, ಎತ್ತರದಲ್ಲಿ ಎಂದು ಮರಾಠಿಯಲ್ಲಿ ಒದರಿದ. ಅಕ್ಕ ಬಾಗಿಲ ಮರೆಯಿಂದ ನನಗೆ ಹೇಳಿದಳು.

"ಪಿಂಗಾಣಿ ನನ್ನ ಅಡಿಗಿಮನಿಗೆ ಬ್ಯಾಡೋ ತಮ್ಮಾ. ಎಲುವಿನ ಪುಡಿ ಹಾಕಿರ್ತಾರಂತ ಅದಕ್ಕ. ಹಿತ್ತಾಳಿದು ಹಚ್ಚಲಿ. ಹುಣಸಿಹಣ್ಣು ಹಚ್ಚಿ ತೊಳದರ ಮಡಿ ಆಗ್ತದ."

ನಾನು ಅದನ್ನು ಮರಾಠಿ ಮಾಡಿ ಹೇಳಿದೆ. ಅವನು ಪಾನ ಉಗುಳಿ ಬಂದು, ಬಿಜಲಿಯ ಬಟನ್ ತೊಳೆಯುವವರನ್ನು ಇದೇ ಮೊದಲು ನೋಡುತ್ತಿದ್ದೇನೆ ಎಂದ.

"ಹೊರಗ ಬಟನ್ ಇದ್ದರ ನಾ ಮಡೀಲೆ ಬಂದು ಅದನ್ನ ಮುಟ್ಟಿ ಮತ್ತ ಒಳಗ ಹ್ಯಾಂಗ ಹೋಗಲಿ? ಮತ್ತೊಮ್ಮೆ ಸ್ನಾನಾ ಮಾಡ್ಲ್ಯಾ?" ಅಂದಳು ಅಕ್ಕ.

ಕನ್ನಡ ಬಾರದಿದ್ದರೂ ಸ್ನಾನ ಎಂಬುದು ಅವನಿಗೆ ತಿಳಿಯಿತು. "ಸ್ನಾನ ಮಾಡಲಿ, ಇಲ್ಲಾ ಕತ್ತಲೆಯಲ್ಲಿ ಇರಲಿ. ಬಿಜಲಿಗೆ ನಿಮ್ಮ ಮಡಿ ಗೊತ್ತಿಲ್ಲ," ಅಂದು ಚೀಲ ಎತ್ತಿಕೊಂಡ. ನನಗೆ ಸಿಟ್ಟು ಬಂತು. ಅಂಗಳದಲ್ಲಿ ಎಲ್ಲರೂ ಕೇಳುವ ಹಾಗೆ, ಪುಣೆಯಲ್ಲಿ ನೀನೊಬ್ಬನೇ ಮಿಸ್ತ್ರಿ ಅಲ್ಲ, ನಿನ್ನ ಅರ್ಧ ಮಜೂರಿಗೆ ಮಾಡುವವರು ಸಿಗುತ್ತಾರೆ ಎಂದು ಕೂಗಿದೆ. ಅವನು ತಿರುಗಿಯೂ ನೋಡಲಿಲ್ಲ. ಹಾಗೆ ಕೂಗಿದ ಮೇಲೆ ಅವನನ್ನು ಮತ್ತೆ ಕರೆಯುವ ದಾರಿ ನನಗೆ ಉಳಿಯಲಿಲ್ಲ. ಮುಂದಿನದಕ್ಕೆಲ್ಲ ಇದೂ ಒಂದು ಕಾರಣ ಆಯಿತು.

ಸಿಕ್ಕವನು ಹಂದರದ ಮನುಷ್ಯ. ನಮ್ಮ ಓಣಿಯ ಗಣಪತಿಗೆ ಹಂದರ ಕಟ್ಟಿ ಬಣ್ಣದ ದೀಪದ ಸರ ಹಾಕುವವನು ಅವನೇ. ಗಣಪತಿಯನ್ನು ನೀರಿಗೆ ಬಿಟ್ಟ ಮೇಲೆ ಲಗ್ನಗಳು ಶುರುವಾಗುವ ತನಕ ಅವನಿಗೆ ಕೆಲಸ ಇರುತ್ತಿರಲಿಲ್ಲ. ಒಳ್ಳೆಯವನು, ನಗುಮುಖದವನು. ಏನು ಕೇಳಿದರೂ "ಹೋಯೀಲ, ಹೋಯೀಲ" ಅನ್ನುತ್ತಿದ್ದ. ಆಗುತ್ತದೆ, ಆಗುತ್ತದೆ ಎಂದು. ಹಿತ್ತಾಳೆಯದು ಬೇಕು. ಹೋಯೀಲ. ಒಲೆಯ ಪಕ್ಕದಲ್ಲೇ ಬೇಕು. ಹೋಯೀಲ. ಸ್ನಾನ ಮಾಡಿ ಒದ್ದೆ ಧೋತರದಲ್ಲಿ ಒಳಗೆ ಬರಬೇಕು. ಒಂದು ಗಳಿಗೆ ತಲೆ ಕೆರೆದುಕೊಂಡು ಅದಕ್ಕೂ ಹೋಯೀಲ ಅಂದ.

ಪಿತೃಪಕ್ಷ ಮುಗಿದ ಮೇಲೆ ಕೆಲಸ ಹಿಡಿದ. ಕಾತ್ರಜದ ಕೆರೆಯ ನೀರು ನಮ್ಮ ವಾಡೆಯ ತೊಟ್ಟಿಗೆ ಬರುತ್ತಿತ್ತು, ಮಂಜಿನಂಥ ನೀರು. ಅದರಲ್ಲಿ ಮುಳುಗಿ ಎದ್ದು, ಮೈಯಿಂದ ನೀರು ಸುರಿಸುತ್ತಾ, ಹಲ್ಲು ಕಟಕಟ ಅನ್ನಿಸುತ್ತಾ ಅವನು ಅಡಿಗೆಮನೆಯಲ್ಲಿ ಸ್ಟೂಲು ಹತ್ತಿ ನಿಂತದ್ದು ಈಗಲೂ ಕಣ್ಣ ಮುಂದಿದೆ. ಅಕ್ಕ ಮೂಲೆಯಲ್ಲಿ ನಿಂತು, "ಅದನ್ನ ಮುಟ್ಟಬ್ಯಾಡಪಾ, ತುಪ್ಪದ ತಂಬಿಗಿ... ಅತ್ತಾಗ, ಅತ್ತಾಗ ಸರಿ" ಎಂದು ಕನ್ನಡದಲ್ಲೇ ಹೇಳುತ್ತಿದ್ದಳು. ಅವನು ಮರಾಠಿಯಲ್ಲಿ ಹೌದು ತಾಯಿ, ಹೌದು ತಾಯಿ ಅನ್ನುತ್ತಿದ್ದ. ನನ್ನ ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು, "ಅಕ್ಕಾರು ಬಿಜಲಿಗೂ ಮುಂಜಿವಿ ಮಾಡ್ಲಿಕ್ಕತ್ಯಾರ ನೋಡ್ರಿ" ಅಂದಳು. ನಾವು ಎಲ್ಲರೂ ನಕ್ಕೆವು. ಅಕ್ಕನೂ.

ತಂತಿಯ ಜೋಡುಗಳಿಗೆ ಅವನು ಡಾಂಬರಿನ ಕರೀ ಪಟ್ಟಿ ಸುತ್ತಲು ಹೋದಾಗ ಅದರ ವಾಸನೆಗೆ ಅಕ್ಕ ಮೂಗು ಮುಚ್ಚಿಕೊಂಡಳು. ತನ್ನ ಹಳೆಯ ಮಡಿ ರೇಶಿಮೆಯನ್ನು ಹರಿದು ಉದ್ದುದ್ದ ಚೂರು ಮಾಡಿ ಕೊಟ್ಟಳು. ರೇಶಿಮೆಗೆ ಮೈಲಿಗೆ ಇಲ್ಲ. ಅವನು ಅದನ್ನೇ ಸುತ್ತಿದ. ಹಿತ್ತಾಳೆಯ ಟೊಪ್ಪಿಗೆಯನ್ನು ಹಳೇ ಬಜಾರದಿಂದ ಎತ್ತಿಕೊಂಡು ಬಂದಿದ್ದ. ಅಂಥದರ ಒಳಮೈಗೆ ತಂತಿ ತಾಗದಂತೆ ಗಟ್ಟಿ ಕಾಗದದ ಅಸ್ತರು ಇರಬೇಕಂತೆ. ಇದರಲ್ಲಿ ಇರಲಿಲ್ಲ. ಅವನಿಗೆ ಗೊತ್ತಿರಲಿಲ್ಲ, ನಮಗೆ ಎಲ್ಲಿಂದ ಗೊತ್ತಾಗಬೇಕು? ಅವನು ಕಟ್ಟುತ್ತಿದ್ದದ್ದು ಹತ್ತು ದಿನದ ಹಂದರ. ಹನ್ನೊಂದನೆಯ ದಿನ ಎಲ್ಲವನ್ನೂ ಬಿಚ್ಚಿ ಗಾಡಿಗೆ ಹೇರುತ್ತಿದ್ದ. ಅವನು ಹಾಕಿದ ತಂತಿಯ ಕೆಳಗೆ ಯಾರೂ ಮಳೆಗಾಲ ಕಳೆದಿರಲಿಲ್ಲ, ಯಾರೂ ದಿನಾ ಅದರ ಮೇಲೆ ನೀರು ಹೊಯ್ದಿರಲಿಲ್ಲ. ಅವನ ಕೈಗೆ ಗೊತ್ತಿದ್ದ ಕೆಲಸವನ್ನು ಅವನು ನಂಬಿಕೆಯಿಂದ ಮಾಡಿದ. ತಪ್ಪು ಅವನನ್ನು ಕರೆತಂದವನದು.

ಮೊದಲ ಸಲ ದೀಪ ಹೊತ್ತಿದಾಗ ಅಕ್ಕ ಸುತ್ತಲೂ ನೋಡಿ, "ಅಯ್ಯಽ, ಗ್ವಾಡಿ ಇಷ್ಟು ಕರ್ರಗ ಆಗ್ಯಾವೇನೋ!" ಅಂದಳು. ಮಾರನೆಯ ದಿನವೇ ಸುಣ್ಣ ತರಿಸಿದಳು. ಅಂದಿನಿಂದ ದಿನಾ ನಸುಕಿನಲ್ಲಿ ಸ್ನಾನ ಮಾಡಿ ಬಂದು, ಬಟನ್ನಿನ ಹಿತ್ತಾಳೆಗೆ ಹುಣಸೆಹಣ್ಣು ತಿಕ್ಕಿ, ಒಂದು ಬೊಗಸೆ ನೀರು ಹೊಯ್ದು, ಆಮೇಲೆ ಒತ್ತುತ್ತಿದ್ದಳು. ದೀಪ ಹೊತ್ತಿದ ಕೂಡಲೆ ಕೈ ಮುಗಿಯುತ್ತಿದ್ದಳು. ಅಗ್ನಿಯೇ ಅಲ್ಲವೇ ಅದೂ, ಅನ್ನುತ್ತಿದ್ದಳು.

ದಸರೆಯ ನಂತರ ಅಪ್ಪನ ಶ್ರಾದ್ಧ ಬಂತು. ಅಂದು ನಾನೂ ಒದ್ದೆ ಧೋತರದಲ್ಲಿ ಅಡಿಗೆಮನೆಗೆ ಹೋಗಿದ್ದೆ. ದೀಪ ಆರಿಸಲು ಹೋಗಿ ಹಿತ್ತಾಳೆಗೆ ಬೆರಳು ತಾಗಿತು. ಮೊಣಕೈ ತನಕ ಇರುವೆಗಳು ಹರಿದ ಹಾಗಾಯಿತು. ಕೈ ಹಿಂದಕ್ಕೆ ಎಳೆದುಕೊಂಡೆ. ಅಂಗಡಿಯಲ್ಲಿ ದಿನಾ ಬಟನ್ ಒತ್ತುವ ಕೈ ನನ್ನದು. ಅಲ್ಲಿ ಒಂದು ದಿನವೂ ಹೀಗಾಗಿರಲಿಲ್ಲ. ಇದು ಸರಿಯಿಲ್ಲ ಎಂದು ಆ ಕ್ಷಣಕ್ಕೇ ಗೊತ್ತಾಯಿತು. ಇದನ್ನು ಬೇರೆ ಯಾವ ರೀತಿಯಿಂದಲೂ ಬರೆಯಲು ಬರುವುದಿಲ್ಲ, ಗೊತ್ತಾಯಿತು.

ಸಂಜೆ ಹಂದರದ ಮನುಷ್ಯನನ್ನು ಹುಡುಕಿಕೊಂಡು ಹೋದೆ. ಅವನು ನಕ್ಕ. "ಹೊಸದಲ್ಲವೇ, ಸ್ವಲ್ಪ ಜುಮ್ ಅನ್ನುತ್ತದೆ. ಕೂತುಕೊಳ್ಳುತ್ತದೆ," ಅಂದ. ಕಾಲಿಗೆ ಹೊಸ ಚಪ್ಪಲಿ ಕಚ್ಚುವುದಿಲ್ಲವೇ, ಹಾಗೆ. ನನಗೂ ಅದೇ ಮಾತು ಬೇಕಾಗಿತ್ತು. ತೆಗೆದುಕೊಂಡು ಮನೆಗೆ ಬಂದೆ.

ಅದಾದ ನಾಲ್ಕಾರು ದಿನಕ್ಕೆ ಅಕ್ಕ ತಾನಾಗಿಯೇ ಕೇಳಿದಳು. ತುಳಸಿಗೆ ನೀರು ಹಾಕಿ ಬಂದು, ಬಲಗೈಯನ್ನು ಎಡಗೈಯಲ್ಲಿ ಸವರಿಕೊಳ್ಳುತ್ತಾ,

"ತಮ್ಮಾ, ಆ ಬಟನ್ ಮುಟ್ಟಿದಾಗ ಕೈ ಜುಮ್ ಅಂತದೋ. ಎಲ್ಲಾರ ಮನ್ಯಾಗೂ ಹಿಂಗ ಏನು? ನಿಮ್ಮ ಅಂಗಡ್ಯಾಗೂ?"

ನಾನು ಅಂಗಡಿಗೆ ಹೊರಟಿದ್ದೆ. ತಲೆಗೆ ಇಡುವ ಟೊಪ್ಪಿಗೆ ಇನ್ನೂ ಕೈಯಲ್ಲಿತ್ತು. ಇಲ್ಲ ಅಂದರೆ ಖಾಕಿ ಕೋಟಿನವನ ಮುಂದೆ ಹೋಗಿ ಕೈ ಮುಗಿದು ನಿಲ್ಲಬೇಕು. ಅಂಗಳದವರೆಲ್ಲ ನೋಡಿ ನಗುತ್ತಾರೆ. ದೀಪಾವಳಿ ಮುಗಿಯಲಿ, ಆಮೇಲೆ ನೋಡೋಣ...

"ಎಲ್ಲಾ ಕಡೇನೂ ಹಂಗಽ ಅಕ್ಕಾ. ಹೊಸಾದದ, ಕೂಡ್ತದ," ಅಂದೆ.

"ಹಂಗಾದ್ರ ಶಕ್ತಿ ಇರೂದಽ ಹಂಗ ಅನ್ನು," ಅಂದು ಒಳಗೆ ಹೋದಳು. ನನ್ನ ಮಾತನ್ನು ನಂಬಿದಳು.

ನರಕ ಚತುರ್ದಶಿಯ ನಸುಕು. ವಾಡೆಯ ತುಂಬ ಎಣ್ಣೆ, ಮೈಗೆ ತಿಕ್ಕುವ ಉಟಣೆಯ ಪುಡಿ, ಬಿಸಿನೀರಿನ ಹಬೆ. ಮೈಗೆ ಎಣ್ಣೆ ಹಚ್ಚಿಸಿಕೊಂಡ ನನ್ನ ಮಗಳು ತಾಯಿಯ ಕೈಗೆ ಸಿಗದೆ ಓಡಾಡುತ್ತಿದ್ದಳು. ಐದು ವರ್ಷದ ಕೂಸು. ಅಕ್ಕ ಸ್ನಾನ ಮಾಡಿ ಒದ್ದೆ ಸೀರೆಯಲ್ಲಿ ಬಂದಾಗ ಕೂಸು ಅವಳ ಪಕ್ಕದಿಂದಲೇ ಓಡಿತು. ಅಕ್ಕ ಒಂದು ಗಳಿಗೆ ನಿಂತಳು. ತನ್ನ ಸೀರೆಯ ಅಂಚನ್ನು ನೋಡಿಕೊಂಡಳು. ಆಮೇಲೆ ಒಳಗೆ ಹೋದಳು. ಇಷ್ಟು ನಾನು ನೋಡಿದ್ದೆ.

ಪಾತ್ರೆ ಬಿದ್ದ ಸಪ್ಪಳವಾಯಿತು. ಅವಳ ಕೂಗು ಕೇಳಲಿಲ್ಲ. ಹೋಗಿ ನೋಡಿದರೆ ಕೈ ಗೋಡೆಗೆ ಅಂಟಿಕೊಂಡಿತ್ತು, ಮೈಯೆಲ್ಲ ನಡುಗುತ್ತಿತ್ತು, ಕಣ್ಣು ನನ್ನ ಕಡೆಗೇ ಇದ್ದವು. ಹೆಂಡತಿ ಕೈ ಚಾಚಿ ಮುಂದೆ ನುಗ್ಗಿದಳು. "ಮುಟ್ಟಬ್ಯಾಡ! ಬಿಜಲಿ ಹಿಡದದ!" ಎಂದು ಕೂಗಿ ಅವಳನ್ನು ಹಿಂದೆ ದೂಡಿದೆ. ಮಡಿ ಅರಿವೆಗಳನ್ನು ಮೇಲಿನ ಗಳಕ್ಕೆ ಹಾಕುವ ಬಿದಿರ ಕೋಲು ಮೂಲೆಯಲ್ಲಿತ್ತು. ಅದನ್ನು ಎತ್ತಿ ಅಕ್ಕನ ಕೈಗೆ ಹೊಡೆದೆ. ಒಂದಲ್ಲ, ಎರಡು ಮೂರು ಸಲ. ಕೈ ಬಿಟ್ಟಿತು. ಅವಳು ಒದ್ದೆ ನೆಲದ ಮೇಲೆ ಬಿದ್ದಳು. ಸುಟ್ಟ ಕೂದಲಿನಂಥ ವಾಸನೆ ಹಬ್ಬಿತು. ಹೊರಗೆ ಹುಡುಗರು ಪಟಾಕಿ ಹಚ್ಚುತ್ತಿದ್ದರು.

ಜೀವ ಉಳಿಯಿತು. ಹೆಬ್ಬೆರಳು ಮತ್ತು ಅದರ ಪಕ್ಕದ ಎರಡು ಬೆರಳು ಒಳಕ್ಕೆ ಮಡಚಿಕೊಂಡು ಹಾಗೆಯೇ ಗಟ್ಟಿಯಾದವು. ದವಾಖಾನೆಯಿಂದ ಬಂದ ದಿನ ಹೆಂಡತಿ ನನ್ನನ್ನು ಒಂದೇ ಮಾತು ಕೇಳಿದಳು. "ಬಿಜಲಿ ಹಿಡದದ ಅಂತ ನಿಮಗ ಅಷ್ಟು ಲಗೂನ ಹ್ಯಾಂಗ ತಿಳೀತ್ರಿ?" ನಾನು ಅಂಗಡಿಗೆ ಹೊತ್ತಾಯಿತೆಂದು ಎದ್ದು ಹೋದೆ. ಅವಳು ಮತ್ತೆ ಕೇಳಲಿಲ್ಲ.

ಹಂದರದ ಮನುಷ್ಯ ತೆಂಗಿನಕಾಯಿ ಹಿಡಿದುಕೊಂಡು ಬಂದು ಹೆಬ್ಬಾಗಿಲಲ್ಲಿ ಅಳುತ್ತಾ ನಿಂತ. ನಾನು ಬಯ್ಯಲು ಎದ್ದೆ. ಅಕ್ಕ ಹಾಸಿಗೆಯಿಂದಲೇ, "ಅವಗ ಏನೂ ಅನಬ್ಯಾಡ. ಪಾಪ, ಅವಾ ಸ್ನಾನಾ ಮಾಡಿ, ಒದ್ದಿ ಧೋತ್ರದಾಗಽ ಕೆಲಸಾ ಮಾಡ್ಯಾನ. ತಪ್ಪು ನಂದು," ಅಂದಳು.

ತಪ್ಪು ನಂದು. ಅವಳ ಲೆಕ್ಕ ಹೀಗಿತ್ತು. ಕೂಸು ಓಡುವಾಗ ಸೀರೆಗೆ ತಾಗಿರಬಹುದು ಎಂಬ ಅನುಮಾನ ಬಂದಿತ್ತು. ಮತ್ತೆ ಸ್ನಾನ ಮಾಡಬೇಕಿತ್ತು. ಹಬ್ಬದ ದಿನ, ನೈವೇದ್ಯಕ್ಕೆ ಹೊತ್ತಾಗುತ್ತದೆ ಎಂದು ಹಾಗೆಯೇ ಒಳಗೆ ಹೋದಳು. ಕೆಟ್ಟ ಮಡಿಯಲ್ಲಿ ಮುಟ್ಟಿದ್ದಕ್ಕೆ ಅಗ್ನಿ ದೂಡಿದ. "ಅನುಮಾನ ಇದ್ದೂ ಒಳಗ ಹೋದೆ ನೋಡೋ," ಎಂದು ನನ್ನ ಮುಂದೆಯೇ ಎಷ್ಟೋ ಸಲ ಹೇಳಿದಳು. ನಾನು ಸುಮ್ಮನೆ ಕೇಳಿಸಿಕೊಂಡೆ. ಆಕೆಗೆ ಇದ್ದದ್ದು ಅನುಮಾನ, ನನಗೆ ಗೊತ್ತೇ ಇತ್ತು.

ಅವಳನ್ನು ಅಡಿಗೆಮನೆಯಿಂದ ಯಾರೂ ಹೊರಗೆ ಹಾಕಲಿಲ್ಲ. ಕೈ ಮಾಯ್ದ ಮೇಲೆ ಹೆಂಡತಿ ಕೈ ಹಿಡಿದು ಕರೆದಳು, "ಬರ್ರಿ ಅಕ್ಕಾರ, ನೀವು ಹೇಳ್ರಿ, ನಾ ಮಾಡ್ತೀನಿ." ಅಕ್ಕ ಹೊಸ್ತಿಲು ದಾಟಲಿಲ್ಲ. ಈ ಕೈ ದೇವರಿಗೆ ಬ್ಯಾಡಾಗ್ಯದ, ಅಂದಳು. ಅಂದಿನಿಂದ ಹೊಸ್ತಿಲ ಹೊರಗೆ ಒಂದು ಮಣೆ ಹಾಕಿಕೊಂಡು ಕುಳಿತು ಎಡಗೈಯಿಂದ ಕಾಯಿಪಲ್ಯೆ ಹೆಚ್ಚುವುದು, ಹೂಬತ್ತಿ ಹೊಸೆಯಲು ಹೋಗಿ ಬಾರದೆ ಬಿಡುವುದು. ಶ್ರಾದ್ಧದ ಅಡಿಗೆಗೆ ಕರೆಯಲು ಬಂದವರಿಗೆ ತಾನೇ ಇಲ್ಲ ಎಂದು ಹೇಳಿ ಕಳಿಸಿದಳು. ಎರಡು ಮೂರು ವರ್ಷದಲ್ಲಿ ಕರೆಯುವುದು ನಿಂತಿತು. ಹೊರಖೋಲಿಗೆ ನಾನು ಆಮೇಲೆ ಕಂಪನಿಯವರಿಂದಲೇ ದೀಪ ಹಾಕಿಸಿದೆ. ಅಡಿಗೆಮನೆಗೆ ಮಾತ್ರ ಮತ್ತೆ ಕಂದೀಲೇ.

ನನ್ನ ಮಗಳನ್ನು ಅವಳು ಹತ್ತಿರ ಸೇರಿಸಲಿಲ್ಲ. ಬಯ್ಯುತ್ತಿರಲಿಲ್ಲ, ಸುಮ್ಮನೆ ದೂರ ಸರಿಯುತ್ತಿದ್ದಳು. ಮೊದಲು ಅಕ್ಕನ ತೊಡೆಯ ಮೇಲೆಯೇ ಉಣ್ಣುತ್ತಿದ್ದ ಕೂಸು ಅದು. ನಾನೇನು ಮಾಡಿದೆ ಎಂದು ಒಮ್ಮೆ ನನ್ನನ್ನು ಕೇಳಿತು. ಏನಿಲ್ಲ, ಆಡಲು ಹೋಗು ಅಂದೆ. ಅದು ದೊಡ್ಡದಾಯಿತು, ಲಗ್ನವಾಗಿ ಮಿರಜಿಗೆ ಹೋಯಿತು. ಸೋದರತ್ತೆಗೆ ತನ್ನನ್ನು ಕಂಡರೆ ಆಗುವುದಿಲ್ಲ ಎಂದೇ ತಿಳಿದುಕೊಂಡು ಹೋಯಿತು.

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ನನ್ನನ್ನು ನಾನು ಕೇಳಿಕೊಂಡಿದ್ದೇನೆ. ದೊಡ್ಡ ಕಾರಣ ಸಿಗುವುದಿಲ್ಲ. ಮೊದಲು ಹೆದರಿಕೆ. ಆಮೇಲೆ, ಈಗ ಹೇಳಿ ಏನು, ಕೈ ತಿರುಗಿ ಬರುತ್ತದೆಯೇ ಎಂಬ ಮಾತು. ಆಮೇಲೆ ಅದೂ ಇಲ್ಲ... ದಿನಾ ಸಂಜೆ ಬಂದು ಕಾಲು ತೊಳೆದು, ಮಣೆಯ ಮೇಲೆ ಕುಳಿತ ಅವಳನ್ನು ದಾಟಿ ಒಳಗೆ ಹೋಗುವುದು ರೂಢಿಯಾಯಿತು.

ಈ ವರ್ಷ ಮಳೆಗಾಲಕ್ಕೆ ಮೊದಲು ಮಾಲಕರು ಇಡೀ ವಾಡೆಗೆ ಹೊಸ ತಂತಿ ಹಾಕಿಸಲು ಹಿಡಿದರು. ಬಂದ ವಾಯರ್‌ಮನ್ ನಮ್ಮ ಅಡಿಗೆಮನೆಯ ಗೋಡೆಯಲ್ಲಿ ಸುಣ್ಣದ ಕೆಳಗೆ ಉಳಿದಿದ್ದ ಹಳೆಯ ಬಟನ್ನಿನ ಮರದ ಗಟ್ಟಿಯನ್ನು ಕಿತ್ತ. ಅದರ ಹಿಂದಿನಿಂದ ತಂತಿಯ ತುಂಡು ಬಂತು. ತುಂಡಿಗೆ ಕರ್ರಗೆ ಸುಟ್ಟು ಅಂಟಿಕೊಂಡ ರೇಶಿಮೆ. ಒಂದು ಮೂಲೆಯಲ್ಲಿ ಮಾತ್ರ ಬಣ್ಣ ಉಳಿದಿತ್ತು. "ಇದು ಯಾವ ಶಾಣ್ಯಾನ ಕೆಲಸ? ನೀರು ಕುಡಿದು ಕುಡಿದು ಬಟ್ಟೆ ಕೊಳೆತಿದೆ. ತಂತಿ ಬಿಚ್ಚಿಕೊಂಡು ಟೊಪ್ಪಿಗೆಗೆ ತಾಗದೆ ಇನ್ನೇನಾಗುತ್ತದೆ?" ಎಂದು ಮರಾಠಿಯಲ್ಲಿ ನಗುತ್ತಾ ಅದನ್ನು ಹೊಸ್ತಿಲ ಹತ್ತಿರ ಒಗೆದ. ಅಲ್ಲಿ ಅಕ್ಕ ಕುಳಿತಿದ್ದಳು.

ಅವಳು ಅದನ್ನು ಎಡಗೈಯಿಂದ ಎತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದಳು.

"ನನ್ನ ರೇಶಿಮಿ," ಅಂದಳು. "ಇದನ್ನೂ ನಾನಽ ಕೊಟ್ಟಿದ್ದೆ. ಇದರಾಗೂ ಏನೋ ಮೈಲಿಗಿ ಇತ್ತೇನೋ ತಮ್ಮಾ. ಉಟ್ಟು ಬಿಟ್ಟದ್ದು ಕೊಡಬಾರದಿತ್ತು."

ಅಷ್ಟು ವರ್ಷದ ಮೇಲೆ ಅವಳು ಇನ್ನೊಂದು ತಪ್ಪು ಹುಡುಕಿ ತನ್ನ ತಲೆಯ ಮೇಲೆ ಹಾಕಿಕೊಳ್ಳುತ್ತಿದ್ದಳು. ನಾನು ಅವಳ ಮಣೆಯ ಮುಂದೆ ನೆಲದ ಮೇಲೆ ಕುಳಿತೆ. ಹೇಳಿದೆ. ವಾಯರ್‌ಮನ್ ಇದ್ದ, ಹೆಂಡತಿ ಇದ್ದಳು. ಅವರ ಮುಂದೆಯೇ ಹೇಳಿದೆ.

ಅಕ್ಕ ರೇಶಿಮೆಯ ತುಂಡನ್ನು ಮಣೆಯ ಪಕ್ಕಕ್ಕೆ ಇಟ್ಟಳು. ಆಮೇಲೆ ಸಣ್ಣ ದನಿಯಲ್ಲಿ, "ನಿನ್ನ ಕೈನೂ ಜುಮ್ ಅಂದಿತ್ತು?" ಅಂದಳು.

"ಹೂಂ."

"ಅಂಗಡ್ಯಾಗ ಅನ್ನೂದಿಲ್ಲ?"

"ಇಲ್ಲ."

"ಕೂಸಿನ್ನ ನಾ ಎಷ್ಟು ವರ್ಷ ದೂರ ಇಟ್ಟೆನೋ. ಅದು ಏನ್ ಮಾಡಿತ್ತೋ..." ಅಂದು ಎದ್ದಳು. ನನ್ನನ್ನು ದಾಟಿ ಹೋದಳು. ಮಾರನೆಯ ದಿನ ನಸುಕಿನಲ್ಲಿ ತೊಟ್ಟಿಯ ಹತ್ತಿರ ನೀರು ಹೊಯ್ದುಕೊಳ್ಳುವ ಸಪ್ಪಳ ಕೇಳಿಸಿತು. ಒದ್ದೆ ಸೀರೆಯಲ್ಲಿ ಬಂದು, ಹೊಸ್ತಿಲ ಮುಂದೆ ಒಂದು ಗಳಿಗೆ ನಿಂತು, ಅಕ್ಕ ಅಡಿಗೆಮನೆಗೆ ಹೋದಳು. ಮಡಚಿದ ಬೆರಳುಗಳ ಸಂದಿನಲ್ಲಿ ಸೌಟು ಸಿಕ್ಕಿಸಿಕೊಂಡು ನೈವೇದ್ಯಕ್ಕೆ ಅನ್ನ, ತೊವ್ವೆ ಮಾಡಿದಳು. ಹೊಸ ದೀಪದ ಬಟನ್ನು ಬಾಗಿಲ ಹೊರಗೆ ಇತ್ತು. ಅದನ್ನು ಹೆಂಡತಿ ಒತ್ತಿದಳು. ಹದಿನೈದು ವರ್ಷದ ಹಿಂದೆಯೂ ಯಾರಾದರೂ ಎದ್ದು ಒತ್ತಬಹುದಾಗಿತ್ತು. ನಾನು ಎದ್ದು ಒತ್ತಬಹುದಾಗಿತ್ತು. ಯಾರಿಗೂ ಹೊಳೆಯಲಿಲ್ಲ.

ಅಂದಿನಿಂದ ಊಟಕ್ಕೆ ಕುಳಿತಾಗ ಎಲ್ಲರಿಗೂ ಅವಳೇ ಬಡಿಸುತ್ತಿದ್ದಳು. ನನ್ನ ಎಲೆಯನ್ನು ಮಾತ್ರ ದಾಟಿ ಹೋಗುತ್ತಿದ್ದಳು. ನನಗೆ ಹೆಂಡತಿ ಬಡಿಸುತ್ತಿದ್ದಳು. ಗಣಪತಿಗೆ ಮಗಳನ್ನು ಮಿರಜಿನಿಂದ ಕರೆಸಿದಳು. ಬಂದ ಮಗಳನ್ನು ಹತ್ತಿರ ಕೂಡಿಸಿಕೊಂಡು ಅದೇ ಕೈಯಿಂದ ತಲೆ ಬಾಚಿದಳು. ಇಬ್ಬರೂ ಏನು ಮಾತಾಡಿಕೊಂಡರೋ ನಾನು ಕೇಳಲು ಹೋಗಲಿಲ್ಲ. ಹೊರಗೆ ಓಣಿಯ ತುಂಬ ಬಣ್ಣದ ದೀಪಗಳು. ಆಗಸ್ಟಿನಲ್ಲಿ ಸ್ವಾತಂತ್ರ್ಯಕ್ಕೆಂದು ಕಟ್ಟಿದ ಸರಗಳನ್ನೇ ಗಣಪತಿಗೂ ಬಿಟ್ಟಿದ್ದರು.

ಅನಂತ ಚತುರ್ದಶಿಯ ದಿನ ಎಲೆ ಹಾಕಿದಾಗ ಅಕ್ಕ ಉಪ್ಪು ಬಡಿಸುತ್ತಾ ಬಂದಳು. ನನ್ನ ಎಲೆಯ ಮುಂದೆ ನಿಂತಳು. ಒಂದು ಚಿಟಿಕೆ ಉಪ್ಪು ಹಾಕಿದಳು, ಮುಂದೆ ಹೋದಳು. ಅಷ್ಟೇ. ಮಿಕ್ಕದ್ದನ್ನೆಲ್ಲ ಹೆಂಡತಿಯೇ ಬಡಿಸಿದಳು. ಅಕ್ಕನಿಗೆ ಅದೇ ವಾರ ಜ್ವರ ಹಿಡಿಯಿತು, ಬಿಡಲಿಲ್ಲ. ಅಡಿಗೆಮನೆಗೆ ತಿರುಗಿ ಹೋದ ಮೇಲೆ ಒಂದು ಚಾತುರ್ಮಾಸವೂ ಅವಳಿಗೆ ಪೂರ್ತಿ ಸಿಗಲಿಲ್ಲ.

ಅಕ್ಕ ನನ್ನನ್ನು ಕ್ಷಮಿಸಿದಳೋ ಇಲ್ಲವೋ ಗೊತ್ತಿಲ್ಲ. ಉಪ್ಪು ಹಾಕಿದಳು, ಅದು ಗೊತ್ತು. ಹಿತ್ತಾಳೆಯ ಟೊಪ್ಪಿಗೆ ಈಗ ನನ್ನ ಮುಂದೆಯೇ ಇದೆ, ಅರ್ಧ ಹೊಳೆಯುತ್ತಾ, ಅರ್ಧ ಕಪ್ಪಾಗಿ. ಹೆಂಡತಿ ಅದನ್ನು ಮತ್ತೆ ಮುಟ್ಟಲಿಲ್ಲ. ಹೊಸ್ತಿಲ ಹೊರಗಿನ ಮಣೆಯನ್ನು ಎತ್ತಿ ಗೋಡೆಗೆ ಒರಗಿಸಿದ್ದಾಳೆ. ನಾನು ಇನ್ನೂ ಅದಿದ್ದ ಜಾಗವನ್ನು ಬಳಸಿಕೊಂಡೇ ಒಳಗೆ ಹೋಗುತ್ತೇನೆ.

ಅಂದು ಆ ಮಣೆಯ ಮುಂದೆ ಕುಳಿತು ಬಾಯಿ ಬಿಟ್ಟು ಹೇಳಿದ್ದನ್ನು ಹೇಳಿದ ಹಾಗೆಯೇ ಇಲ್ಲಿ ಬರೆಯುತ್ತೇನೆ. ಇದಕ್ಕಿಂತ ಚೆನ್ನಾಗಿ ಹೇಳಲು ಆಗ ಬರಲಿಲ್ಲ, ಈಗಲೂ ಬರುವುದಿಲ್ಲ.

"ಅಕ್ಕಾ, ನಿನ್ನ ಮಡಿ ಕೆಟ್ಟಿದ್ದಿಲ್ಲ. ಕೂಸು ಏನೂ ಮಾಡಿಲ್ಲ. ಆ ಬಟನ್ ಸರಿ ಇದ್ದಿಲ್ಲ, ನನಗ ಗೊತ್ತಿತ್ತು. ಎಲ್ಲಾ ಕಡೇನೂ ಹಂಗಽ ಅಂತ ನಿನಗ ಸುಳ್ಳು ಹೇಳಿದೆ. ತಪ್ಪಾತು ಅಕ್ಕಾ. ನಂದು ತಪ್ಪಾತು."